ಕಾಂಕ್ರೀಟ್ ಅಡುಗೆ ಕಟ್ಟೆ: ಯಾರಿಗೆ ಸರಿ, ಎಲ್ಲಿ ಸರಿ, ಮಾಡಿಸುವಾಗ ಏನೇನು ಕೇಳಬೇಕು

ನಮ್ಮ ಕಡೆ ಅಡುಗೆ ಕಟ್ಟೆ ಎಂದರೆ ಇಟ್ಟಿಗೆಯ ಅಡ್ಡಗೋಡೆ, ಅದರ ಮೇಲೆ ಎರಡೂವರೆ-ಮೂರು ಇಂಚಿನ ಆರ್‌ಸಿಸಿ ಸ್ಲ್ಯಾಬ್ ಇಲ್ಲವೇ ಕಡಪ ಕಲ್ಲು, ಎಲ್ಲಕ್ಕೂ ಮೇಲೆ 18ರಿಂದ 20 ಮಿ.ಮೀ. ದಪ್ಪದ ಗ್ರಾನೈಟ್. ಕಾಂಕ್ರೀಟ್ ಅಲ್ಲಿ ಇದ್ದೇ ಇರುತ್ತದೆ, ಕಣ್ಣಿಗೆ ಕಾಣುವುದಿಲ್ಲ ಅಷ್ಟೆ. ಈಗ ಬೆಂಗಳೂರಿನ ಒಳಾಂಗಣ ವಿನ್ಯಾಸಕರು ತೋರಿಸುತ್ತಿರುವುದು ಗ್ರಾನೈಟ್ ಹೊದಿಕೆಯೇ ಇಲ್ಲದ ಕಟ್ಟೆ. ಕಾಂಕ್ರೀಟನ್ನೇ ಅಚ್ಚಿಗೆ ಸುರಿದು, ಗಟ್ಟಿಯಾದ ಮೇಲೆ ಉಜ್ಜಿ, ನೀರು-ಕಲೆ ತಡೆಯುವ ಲೇಪವಾದ ಸೀಲರ್ ಬಳಿದು ಹಾಗೇ ಬಿಡುವುದು. 1980ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಫೂ-ಟಂಗ್ ಚೆಂಗ್, ಬಡ್ಡಿ ರೋಡ್ಸ್ ಅವರಂಥ ಕುಶಲಕರ್ಮಿಗಳು ಇದನ್ನು ಮನೆ ಮನೆಗೆ ತಂದರು. ನಮಗೆ ಇದು ಪೂರ್ತಿ ಅಪರಿಚಿತವೂ ಅಲ್ಲ. ಹಳೇ ಮನೆಗಳ ರೆಡ್ ಆಕ್ಸೈಡ್ ನೆಲದಲ್ಲಿರುವುದೂ ಇದೇ ಸಿಮೆಂಟು, ಇದೇ ಕಬ್ಬಿಣದ ಆಕ್ಸೈಡಿನ ಬಣ್ಣ.

ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ವಾಶ್‌ಬೇಸಿನ್ ಕಟ್ಟೆ, ಊಟದ ಕೌಂಟರು, ಕಾಫಿ ಮಾಡಿಕೊಳ್ಳುವ ಮೂಲೆ, ಬಾಲ್ಕನಿಯ ಬೆಂಚು: ಇವಕ್ಕೆ ಕಾಂಕ್ರೀಟ್ ನಿಜಕ್ಕೂ ಚೆಂದದ ಆಯ್ಕೆ. ಒಲೆ ಮತ್ತು ಸಿಂಕ್ ಇರುವ, ದಿನಕ್ಕೆ ಮೂರು ಹೊತ್ತು ಅಡುಗೆ ನಡೆಯುವ ಕಟ್ಟೆಗಾದರೆ ಕಲೆ ಬೀಳುತ್ತದೆ, ಆರೈಕೆ ಬೇಕಾಗುತ್ತದೆ ಎಂದು ಒಪ್ಪಿಕೊಂಡವರು ಮಾತ್ರ ಕೈಹಾಕಬೇಕು. ಗ್ರಾನೈಟ್‌ಗಿಂತ ಅಗ್ಗವಾಗುತ್ತದೆ ಎಂಬ ಲೆಕ್ಕದಲ್ಲಿ ಹೊರಟವರು ಇಲ್ಲಿಗೇ ನಿಲ್ಲಿಸಿದರೂ ನಷ್ಟವಿಲ್ಲ, ಏಕೆಂದರೆ ಅಗ್ಗವಾಗುವುದಿಲ್ಲ. ಗ್ರಾನೈಟ್ ಕೊಳ್ಳುವಾಗ ನೀವು ಕಲ್ಲಿಗೆ ದುಡ್ಡು ಕೊಡುತ್ತೀರಿ, ಕಾಂಕ್ರೀಟಿನಲ್ಲಿ ಕೈಕೆಲಸಕ್ಕೆ ಕೊಡುತ್ತೀರಿ. ಆದ್ದರಿಂದ ಸ್ಯಾಂಪಲ್ ಎಷ್ಟು ಚೆನ್ನಾಗಿದೆ ಎನ್ನುವುದಕ್ಕಿಂತ ಮಾಡುವವರು ಯಾರು, ಯಾವ ಸೀಲರ್ ಬಳಿಯುತ್ತಾರೆ ಎನ್ನುವುದೇ ಮುಖ್ಯ.

ನಮ್ಮ ಅಡುಗೆಯೇ ದೊಡ್ಡ ಪರೀಕ್ಷೆ

ವಿದೇಶಿ ಫೋಟೊಗಳಲ್ಲಿ ಕಾಣುವ ಕಾಂಕ್ರೀಟ್ ಕಟ್ಟೆಯ ಮೇಲೆ ಬ್ರೆಡ್ಡು, ಹಣ್ಣಿನ ಬುಟ್ಟಿ ಇರುತ್ತದೆ. ನಮ್ಮ ಕಟ್ಟೆಯ ಮೇಲೆ ನೆನೆಹಾಕಿದ ಹುಣಸೆಹಣ್ಣು, ಹಿಂಡಿದ ನಿಂಬೆ, ಟೊಮೆಟೊ, ಮಜ್ಜಿಗೆ, ಒಗ್ಗರಣೆಯಿಂದ ಸಿಡಿದ ಎಣ್ಣೆ, ಸಾರಿನ ಪುಡಿ, ಅರಿಶಿನ. ಇವು ಕಾಂಕ್ರೀಟನ್ನು ಎರಡು ಬೇರೆ ಬೇರೆ ರೀತಿಯಲ್ಲಿ ಹಾಳುಮಾಡುತ್ತವೆ. ಎರಡನ್ನೂ ಒಂದೇ 'ಕಲೆ' ಎಂದು ತಿಳಿದರೆ ತಪ್ಪು ಸೀಲರ್ ಆರಿಸುತ್ತೀರಿ.

ಒಂದು, ಹುಳಿ. ಸಿಮೆಂಟ್ ಗಟ್ಟಿಯಾಗುವಾಗ ಅದರೊಳಗೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್, ಅಂದರೆ ಅರಳಿದ ಸುಣ್ಣ ಉಳಿದುಕೊಳ್ಳುತ್ತದೆ. ಹುಳಿ ಸುಣ್ಣವನ್ನು ಕರಗಿಸುತ್ತದೆ. ನಿಂಬೆರಸದ ಪಿಎಚ್ ಸುಮಾರು 2ರಿಂದ 2.5. ರಸ ಬಿದ್ದ ಕೆಲವೇ ನಿಮಿಷದಲ್ಲಿ ಹೊಳಪು ಹೋಗಿ, ಮುಟ್ಟಿದರೆ ಸ್ವಲ್ಪ ಒರಟಾದ, ಬಿಳಿಚಿದ ಗುರುತು ಉಳಿಯುತ್ತದೆ. ಇದು ಕಲೆಯಲ್ಲ, ಸವೆತ. ಎಷ್ಟು ಒರೆಸಿದರೂ ಹೋಗುವುದಿಲ್ಲ, ಉಜ್ಜಿಯೇ ತೆಗೆಯಬೇಕು.

ಇನ್ನೊಂದು, ಹೀರಿಕೆ. ಎಣ್ಣೆ, ಡಿಕಾಕ್ಷನ್, ಬೀಟ್ರೂಟ್ ನೀರು ಸೂಕ್ಷ್ಮ ರಂಧ್ರಗಳೊಳಗೆ ಇಳಿದು ಕಪ್ಪಾಗಿಸುತ್ತವೆ. ಅರಿಶಿನದ ಕಥೆ ಇನ್ನೂ ಸ್ವಾರಸ್ಯದ್ದು. ಅದರಲ್ಲಿರುವ ಕರ್ಕ್ಯುಮಿನ್ ಕ್ಷಾರ ತಗುಲಿದರೆ ಕೆಂಪಿಗೆ ತಿರುಗುತ್ತದೆ. ಆರತಿಯ ನೀರಿಗೆ ಅರಿಶಿನ, ಸುಣ್ಣ ಬೆರೆಸಿದರೆ ಕೆಂಪಾಗುವುದು ಇದೇ ಕಾರಣಕ್ಕೆ. ಕಾಂಕ್ರೀಟ್ ಕೂಡ ಕ್ಷಾರವೇ ಆದ್ದರಿಂದ ಸೀಲರ್ ಸರಿಯಿಲ್ಲದ ಕಡೆ ಅರಿಶಿನ ಬಿದ್ದರೆ ಹಳದಿಯ ಬದಲು ಕೆಂಪು-ಕಂದು ಗುರುತು ಮೂಡುತ್ತದೆ. ಬಿಸಿಲಿಗೆ ಕರ್ಕ್ಯುಮಿನ್ ತಾನಾಗಿಯೇ ಮಸುಕಾಗುತ್ತದೆ, ಹಾಗಾಗಿ ಕಿಟಕಿಯ ಬಳಿಯ ಕಟ್ಟೆ ಸ್ವಲ್ಪ ದಿನದಲ್ಲಿ ಸುಧಾರಿಸಿಕೊಳ್ಳಬಹುದು. ಒಳಮೂಲೆಯ ಕಟ್ಟೆಗೆ ಆ ಭಾಗ್ಯವಿಲ್ಲ.

ಯಾವ ಬಗೆಯ ಕಟ್ಟೆ

ಮಾರುಕಟ್ಟೆಯಲ್ಲಿ 'ಕಾಂಕ್ರೀಟ್ ಕೌಂಟರ್‌ಟಾಪ್' ಎಂಬ ಒಂದೇ ಹೆಸರಿನಲ್ಲಿ ನಾಲ್ಕು ಬೇರೆ ವಸ್ತುಗಳು ಸಿಗುತ್ತವೆ. ಕೊಟೇಶನ್ ಹೋಲಿಸುವ ಮೊದಲು ನಿಮಗೆ ಕೊಡುತ್ತಿರುವುದು ಯಾವುದು ಎಂದು ಖಚಿತ ಮಾಡಿಕೊಳ್ಳಿ.

ಕಾರ್ಯಾಗಾರದಲ್ಲಿ ಅಚ್ಚಿನೊಳಗೆ ತಲೆಕೆಳಗಾಗಿ ಸುರಿದು, ಗಟ್ಟಿಯಾದ ಮೇಲೆ ತಂದು ಕೂರಿಸುವುದು ಮೊದಲನೆಯದು. ಅಚ್ಚಿನ ತಳಕ್ಕೆ ಅಂಟಿದ ಮುಖವೇ ಕೊನೆಗೆ ಮೇಲ್ಮೈಯಾಗುವುದರಿಂದ ನುಣುಪು ಚೆನ್ನಾಗಿ ಬರುತ್ತದೆ. ದಪ್ಪ ಸಾಮಾನ್ಯವಾಗಿ 38ರಿಂದ 40 ಮಿ.ಮೀ. ಹತ್ತು ಅಡಿ ಉದ್ದ, ಎರಡು ಅಡಿ ಅಗಲದ ಕಟ್ಟೆ 40 ಮಿ.ಮೀ. ದಪ್ಪವಿದ್ದರೆ ತೂಕ 178 ಕೆ.ಜಿ. ಆಸುಪಾಸು. ಚದರ ಅಡಿಗೆ 9 ಕೆ.ಜಿ. ಎಂದು ಲೆಕ್ಕ ಇಟ್ಟುಕೊಳ್ಳಿ. 20 ಮಿ.ಮೀ. ಗ್ರಾನೈಟ್ ಚದರ ಅಡಿಗೆ ಸುಮಾರು 5 ಕೆ.ಜಿ. ಬರುತ್ತದೆ.

ಎರಡನೆಯದು ಜಿಎಫ್‌ಆರ್‌ಸಿ, ಗಾಜಿನ ನಾರು ಬೆರೆಸಿದ ಕಾಂಕ್ರೀಟ್. ಇದರಲ್ಲಿ ಜಲ್ಲಿ ಇರುವುದಿಲ್ಲ. ಸಿಮೆಂಟ್ ಮತ್ತು ಮರಳು ಸಮಸಮ, ಜೊತೆಗೆ ಅಕ್ರಿಲಿಕ್ ಪಾಲಿಮರ್. ಮೊದಲು ನಾರಿಲ್ಲದ 3 ಮಿ.ಮೀ. ಮುಖದ ಪದರ ಹೊಡೆದು, ಅದರ ಹಿಂದೆ ತೂಕದಲ್ಲಿ ಸುಮಾರು 3 ಶೇಕಡಾ ನಾರು ಬೆರೆಸಿದ ಮಿಶ್ರಣ ಒತ್ತುತ್ತಾರೆ. 20 ಮಿ.ಮೀ. ದಪ್ಪಕ್ಕೇ ಸಾಕಷ್ಟು ಗಟ್ಟಿ, ಚದರ ಅಡಿಗೆ 4 ಕೆ.ಜಿ. ಸುಮಾರು. ಮುಂಭಾಗದ ಅಂಚನ್ನಷ್ಟೇ ಕೆಳಗಿಳಿಸಿ ದಪ್ಪ ಕಾಣುವಂತೆ ಮಾಡಬಹುದು. ಅಪಾರ್ಟ್‌ಮೆಂಟಿಗೆ, ಮಾಡ್ಯುಲರ್ ಕಿಚನ್‌ಗೆ ನನ್ನ ಮತ ಇದಕ್ಕೇ. ನಾರು 'ಎಆರ್', ಅಂದರೆ ಕ್ಷಾರ ತಡೆಯುವ ದರ್ಜೆಯದೇ ಎಂದು ಕೇಳಿ ತಿಳಿದುಕೊಳ್ಳಿ. ಫೈಬರ್‌ಗ್ಲಾಸ್ ದೋಣಿ, ತೊಟ್ಟಿಗೆ ಬಳಸುವ ಸಾಮಾನ್ಯ ಗಾಜಿನ ನಾರು ಸಿಮೆಂಟಿನ ಕ್ಷಾರಕ್ಕೆ ಕಾಲಕ್ರಮೇಣ ಕೊರೆದುಹೋಗುತ್ತದೆ. ಮೊದಮೊದಲು ಎರಡಕ್ಕೂ ವ್ಯತ್ಯಾಸವೇ ತಿಳಿಯುವುದಿಲ್ಲ, ಕೆಲ ವರ್ಷಗಳ ಮೇಲೆ ಬಲ ಹೋಗಿರುತ್ತದೆ.

ಮೂರನೆಯದು ಇರುವ ಜಾಗದಲ್ಲೇ ಸುರಿಯುವುದು. ಜೋಡಣೆಯ ಗೆರೆ ಇಲ್ಲದ 'ಎಲ್' ಆಕಾರ ಬೇಕೆಂದರೆ ಇದೊಂದೇ ದಾರಿ. ಆದರೆ ಮೇಲ್ಮೈಯನ್ನು ಕರಣೆಯಿಂದಲೇ ನುಣುಪು ಮಾಡಬೇಕು, ಗಾರೆ ಕೆಲಸಗಾರನ ಕೈ ಪಳಗಿರಬೇಕು, ಉಜ್ಜುವಾಗ ಮನೆಯೆಲ್ಲ ಕೆಸರು. ಹಳೇ ಆರ್‌ಸಿಸಿ ಸ್ಲ್ಯಾಬಿನ ಮೇಲೆ ಸುರಿಯುವುದಾದರೆ ನಡುವೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ ಎರಡನ್ನೂ ಬೇರ್ಪಡಿಸಬೇಕು. ಅಂಟಿಕೊಂಡರೆ ಕೆಳಗಿನ ಬಿರುಕು ಮೇಲಕ್ಕೂ ಬರುತ್ತದೆ.

ನಾಲ್ಕನೆಯದು ಮೈಕ್ರೋಸಿಮೆಂಟ್. ಹಳೇ ಗ್ರಾನೈಟ್ ಅಥವಾ ಟೈಲ್ಸ್ ಮೇಲೆಯೇ 2ರಿಂದ 3 ಮಿ.ಮೀ. ಬಳಿಯುವ ಲೇಪ. ಕೆಡವುವ ಗಲಾಟೆಯಿಲ್ಲ, ಒಂದೇ ವಾರದಲ್ಲಿ ನೋಟ ಬದಲಾಗುತ್ತದೆ. ಆದರೆ ಅಂಚಿಗೆ ಕುಕ್ಕರ್ ತಗುಲಿದರೆ ಚೂರು ಎದ್ದು ಕೆಳಗಿನ ಕಲ್ಲು ಕಾಣುತ್ತದೆ. ವಾಶ್‌ಬೇಸಿನ್‌ಗೆ ಸರಿ, ಅಡುಗೆ ಕಟ್ಟೆಗೆ ಬೇಡ.

ಬರೀ ಬೂದು ಬಣ್ಣದ ನೋಟವಷ್ಟೇ ಸಾಕು ಎನ್ನುವವರಿಗೆ ಕಾಂಕ್ರೀಟ್ ವಿನ್ಯಾಸದ ದೊಡ್ಡ ಪೋರ್ಸಲೀನ್ ಸ್ಲ್ಯಾಬುಗಳಿವೆ. ಹುಳಿಗೂ ಎಣ್ಣೆಗೂ ಅವು ಜಗ್ಗುವುದಿಲ್ಲ. ಪ್ರಾಮಾಣಿಕವಾದ ಸಲಹೆ ಬೇಕೆಂದರೆ ಹಲವು ಮನೆಗಳಿಗೆ ಅದೇ ಉತ್ತರ.

ತೂಕ, ಲಿಫ್ಟು, ಕ್ಯಾಬಿನೆಟ್ಟು

ಮಾಡ್ಯುಲರ್ ಕಿಚನ್‌ನ ಕ್ಯಾಬಿನೆಟ್ 18 ಮಿ.ಮೀ. ಬಿಡಬ್ಲ್ಯುಪಿ (ಕುದಿನೀರಿಗೂ ಬಿಚ್ಚದ) ಪ್ಲೈವುಡ್‌ನದಾದರೆ 40 ಮಿ.ಮೀ. ಸ್ಲ್ಯಾಬನ್ನೂ ಹೊರುತ್ತದೆ. ಪಾರ್ಟಿಕಲ್ ಬೋರ್ಡಿನದಾದರೆ ಜಿಎಫ್‌ಆರ್‌ಸಿ ಬಿಟ್ಟು ಬೇರೆ ಯೋಚಿಸಬೇಡಿ. ಸ್ಲ್ಯಾಬ್ ಕೂರಿಸುವ ಮೊದಲು ಕ್ಯಾಬಿನೆಟ್ ತಲೆಯ ಮಟ್ಟವನ್ನು ಉದ್ದಕ್ಕೂ ಮಟ್ಟಗೋಲಿನಲ್ಲಿ ನೋಡಬೇಕು. ಹತ್ತು ಅಡಿಯಲ್ಲಿ 3 ಮಿ.ಮೀ.ಗಿಂತ ಹೆಚ್ಚು ಏರುಪೇರು ಇದ್ದರೆ ಸಂದುಗಳಿಗೆ ಪ್ಲಾಸ್ಟಿಕ್ ಸೀಳು ಕೊಟ್ಟು ಸರಿಮಾಡಬೇಕು. ಹಾಗೆ ಮಾಡದೆ ಕೂರಿಸಿದ ಸ್ಲ್ಯಾಬ್ ಎರಡು ಬಿಂದುಗಳ ಮೇಲೆ ನಿಂತು, ಯಾರಾದರೂ ಬಲ್ಬು ಬದಲಿಸಲು ಹತ್ತಿದ ದಿನ ಸಿಂಕಿನ ಬಳಿ ಸೀಳುತ್ತದೆ.

ಸಾಗಣೆಯ ಮಾತು ಯಾರೂ ಮೊದಲೇ ಎತ್ತುವುದಿಲ್ಲ. ಎಂಟು ಅಡಿ ಉದ್ದದ ಒಂದು ತುಂಡು ಎಂದರೆ 2.44 ಮೀಟರ್, 40 ಮಿ.ಮೀ. ದಪ್ಪಕ್ಕೆ 140 ಕೆ.ಜಿ.ಗೂ ಹೆಚ್ಚು. ಆರು ಜನರ ಲಿಫ್ಟು 408 ಕೆ.ಜಿ. ಹೊರುತ್ತದೆ ನಿಜ, ಆದರೆ ಅದರ ಬಾಗಿಲ ಎತ್ತರ ಸಾಮಾನ್ಯವಾಗಿ 2 ಮೀಟರ್. ನೇರವಾಗಿ ನಿಲ್ಲಿಸಿ ಒಳಗೆ ತರಲಾಗುವುದಿಲ್ಲ, ಓರೆಯಾಗಿ ನಿಲ್ಲಿಸಲು ಆಳ ಸಾಲುವುದಿಲ್ಲ. ಮೆಟ್ಟಿಲ ತಿರುವಿನಲ್ಲಿ ಹೊತ್ತು ತರಲು ಐದಾರು ಜನ ಬೇಕು. ಐದನೇ ಮಹಡಿಯ ಮನೆಗೆ ಒಂದೇ ತುಂಡಿನ ಕಟ್ಟೆ ಕೇಳುವ ಮುನ್ನ ಈ ಅಳತೆ ಹಿಡಿಯಿರಿ. ಹೊರುವಾಗಲೂ, ಗಾಡಿಯಲ್ಲೂ ಸ್ಲ್ಯಾಬನ್ನು ಗಾಜಿನ ಹಾಳೆ ಹಿಡಿದಂತೆ ನಿಲ್ಲಿಸಿಯೇ ಇರಬೇಕು. ಮಲಗಿಸಿ ಎತ್ತಿದರೆ ಸಿಂಕಿನ ಕಿಂಡಿಯಲ್ಲಿ ಮುರಿಯುತ್ತದೆ.

ಮಿಶ್ರಣ ಮತ್ತು ಅಚ್ಚು

ಮೇಲೆ ಹೇಳಿದ ಹತ್ತು ಅಡಿ ಕಟ್ಟೆಗೆ, ಹತ್ತು ಶೇಕಡಾ ಹೆಚ್ಚುವರಿ ಸೇರಿಸಿ, ಬೇಕಾಗುವ ಸಾಮಾನು ಹೀಗೆ: 53 ದರ್ಜೆಯ ಒಪಿಸಿ (ಸಾಮಾನ್ಯ ಪೋರ್ಟ್‌ಲ್ಯಾಂಡ್) ಸಿಮೆಂಟ್ 36 ಕೆ.ಜಿ., ತೊಳೆದ ಎಂ-ಸ್ಯಾಂಡ್ 72 ಕೆ.ಜಿ., 6ರಿಂದ 10 ಮಿ.ಮೀ. ಜಲ್ಲಿ 72 ಕೆ.ಜಿ., ನೀರು ಹದಿಮೂರೂವರೆ ಲೀಟರ್. ಅಂದರೆ ತೂಕದಲ್ಲಿ 1:2:2, ನೀರು-ಸಿಮೆಂಟ್ ಅನುಪಾತ 0.38ರ ಹತ್ತಿರ. ಇಷ್ಟು ಕಡಿಮೆ ನೀರಿನಲ್ಲಿ ಕಲಸಿದರೆ ಮಿಶ್ರಣ ಬಿಗಿಯಾಗಿರುತ್ತದೆ. ಹರಿಯುವಂತೆ ಮಾಡಲು ಪಿಸಿಇ ಬಗೆಯ ಸೂಪರ್‌ಪ್ಲಾಸ್ಟಿಸೈಜರ್ ಹಾಕಬೇಕೇ ಹೊರತು ಇನ್ನೊಂದು ಮಗ್ಗು ನೀರಲ್ಲ. ಹೆಚ್ಚಾದ ನೀರು ಆರಿಹೋದ ಜಾಗದಲ್ಲಿ ರಂಧ್ರ ಉಳಿಯುತ್ತದೆ, ಆಮೇಲೆ ಅದೇ ರಂಧ್ರದಲ್ಲಿ ಎಣ್ಣೆ ಇಳಿಯುತ್ತದೆ. ಕಟ್ಟೆಯ ಕಲೆಗಳಿಗೆ ಅರ್ಧ ಕಾರಣ ಕಲಸುವ ದಿನವೇ ನಿರ್ಧಾರವಾಗಿರುತ್ತದೆ.

ಎಲ್ಲವನ್ನೂ ತೂಗಿ ಹಾಕುತ್ತಾರೋ, ಬಾಂಡಲಿ ಲೆಕ್ಕದಲ್ಲಿ ಸುರಿಯುತ್ತಾರೋ ಎಂದು ಕೇಳಿ. ಬಾಂಡಲಿ ಎಂದರೆ ಬೇರೆ ಕಡೆ ನೋಡಿ. ನೀರು ಒಂದು ಲೀಟರ್ ಹೆಚ್ಚಾದ ತುಂಡು ಪಕ್ಕದ ತುಂಡಿಗಿಂತ ತೆಳು ಬಣ್ಣಕ್ಕೆ ಬರುತ್ತದೆ, 'ಎಲ್' ಕಟ್ಟೆಯ ಎರಡು ಭಾಗ ಎರಡು ಮನೆಯದರಂತೆ ಕಾಣುತ್ತವೆ. ಸಿಮೆಂಟ್ ಮೂಟೆಯ ಮೇಲೆ ತಯಾರಾದ ವಾರ ಮತ್ತು ವರ್ಷ ಮುದ್ರಿಸಿರುತ್ತಾರೆ. ಒಂದೇ ಅಡುಗೆಮನೆಯ ಎಲ್ಲ ತುಂಡುಗಳಿಗೂ ಒಂದೇ ಬ್ರಾಂಡಿನ ಒಂದೇ ವಾರದ ಮೂಟೆ ಇರಬೇಕು. ನೀರಿನ ವಿಷಯದಲ್ಲೂ ಅಷ್ಟೇ: ಉಪ್ಪಿನಂಶ ಹೆಚ್ಚಿರುವ ಬೋರ್‌ವೆಲ್ ನೀರಿನಲ್ಲಿ ಕಲಸಿದ ಕಟ್ಟೆಯ ಮೇಲೆ ಬಿಳಿ ಪುಡಿ ಏಳುವ ಸಂಭವ ಹೆಚ್ಚು.

ಸ್ಲ್ಯಾಗ್ (ಕಬ್ಬಿಣದ ಕುಲುಮೆಯ ಕಿಟ್ಟ) ಬೆರೆಸಿದ ಸಿಮೆಂಟೂ ಚೆನ್ನಾಗಿ ಹೊಂದುತ್ತದೆ. ಬಣ್ಣ ತಿಳಿಯಾಗಿ ಬರುತ್ತದೆ, ಉಳಿಯುವ ಸುಣ್ಣವೂ ಕಡಿಮೆ. ಅಚ್ಚು ಬಿಚ್ಚಿದಾಗ ನಸು ಹಸಿರು-ನೀಲಿ ಛಾಯೆ ಕಂಡರೆ ಗಾಬರಿಯಾಗಬೇಕಿಲ್ಲ, ಗಾಳಿ ತಗುಲಿದಂತೆ ಹೋಗುತ್ತದೆ. ಆದರೆ ಅದು ಹೋಗುವ ಮೊದಲೇ ಸೀಲರ್ ಬಳಿದರೆ ಛಾಯೆ ಒಳಗೇ ಉಳಿಯುತ್ತದೆ.

ಅಚ್ಚಿಗೆ ನುಣುಪು ಫಿಲ್ಮ್ ಇರುವ 18 ಮಿ.ಮೀ. ಶಟರಿಂಗ್ ಪ್ಲೈ ಸಾಕು. ಒಳಮೂಲೆಗಳಿಗೆ ಸಿಲಿಕೋನ್ ಎಳೆದು ಬೆರಳಿನಿಂದ ಗುಂಡಗೆ ತೀಡುತ್ತಾರೆ. ಆ ಗುಂಡೇ ಮುಂದೆ ಕಟ್ಟೆಯ ಅಂಚಾಗುವುದು. ಕನಿಷ್ಠ 3 ಮಿ.ಮೀ., ಸಾಧ್ಯವಾದರೆ 6 ಮಿ.ಮೀ. ಗುಂಡಗಿರಲಿ. ಚೂಪು ಅಂಚು ಫೋಟೊದಲ್ಲಿ ಚೆಂದ, ಸ್ಟೀಲ್ ಪಾತ್ರೆ ತಗುಲಿದರೆ ಎಗರುತ್ತದೆ. ಸಿಂಕ್, ಒಲೆಯ ಕಿಂಡಿಗೆ ಥರ್ಮೋಕೋಲ್ ಅಥವಾ ಗಟ್ಟಿ ಫೋಮ್ ತುಂಡು ಕೂರಿಸುತ್ತಾರೆ. ನಲ್ಲಿಗೆ 35 ಮಿ.ಮೀ. ಪೈಪಿನ ತುಂಡು.

ಬಿರುಕು ಬರುವುದು ಹೆಚ್ಚಾಗಿ ಕಿಂಡಿಯ ಒಳಮೂಲೆಗಳಿಂದಲೇ. ಚೌಕಾಕಾರದ ಮೂಲೆ ಬಿಡದೆ ಕನಿಷ್ಠ 12 ಮಿ.ಮೀ. ತ್ರಿಜ್ಯ ಕೊಡಬೇಕು, ಸಿಂಕಿನ ಮುಂದೆ ಮತ್ತು ಹಿಂದೆ ಉಳಿಯುವ ಪಟ್ಟಿ 75 ಮಿ.ಮೀ.ಗಿಂತ ಕಿರಿದಾಗಬಾರದು. ಆ ಪಟ್ಟಿಯೊಳಗೆ ಗ್ಯಾಲ್ವನೈಸ್ ಮಾಡಿದ ವೆಲ್ಡ್ ಮೆಶ್ ಅಥವಾ ಗ್ಲಾಸ್ ಫೈಬರ್ ಸರಳು ಬೇಕು. ಮಾಮೂಲಿ ಸರಳನ್ನು 40 ಮಿ.ಮೀ. ದಪ್ಪದೊಳಗೆ ಮುಖಕ್ಕೆ ಹತ್ತಿರವಾಗಿ ಇಟ್ಟರೆ ಮೇಲ್ಮೈಯಲ್ಲಿ ಅದರ ನೆರಳಿನಂಥ ಗೆರೆ ಮೂಡುತ್ತದೆ, ನೀರು ಇಳಿದರೆ ತುಕ್ಕು ಹಿಡಿದು ಒಳಗಿನಿಂದಲೇ ಸೀಳುತ್ತದೆ. ಆಧಾರವಿಲ್ಲದೆ ಹೊರಚಾಚುವ ಊಟದ ಕೌಂಟರ್ 250 ಮಿ.ಮೀ. ದಾಟಿದರೆ ಕೆಳಗೆ ಬ್ರಾಕೆಟ್ ಕೊಡಿಸಿ.

ಸುರಿದ ಮೇಲೆ ಅಚ್ಚನ್ನು ಕೆಳಗಿನಿಂದ ಕಂಪಿಸಬೇಕು. ಕಂಪನ ಕಡಿಮೆಯಾದರೆ ಮೇಲ್ಮೈಯಲ್ಲಿ ಸಾಸಿವೆ ಗಾತ್ರದ ತೂತುಗಳು. ಅವನ್ನು ಅದೇ ಬಣ್ಣದ ಸಿಮೆಂಟ್ ಪೇಸ್ಟಿನಿಂದ ತುಂಬಿ ಮತ್ತೆ ಉಜ್ಜುತ್ತಾರೆ. ತುಂಬಿದ್ದು ಕಾಣುವುದು ಸಹಜ, ತುಂಬದೇ ಬಿಟ್ಟಿದ್ದು ಮಾತ್ರ ತಪ್ಪು, ಹಿಟ್ಟು ಕೂತು ಇರುವೆ ಬರುತ್ತದೆ.

ಹಸಿ ಆರೈಕೆ, ನಮ್ಮವರ ಮಾತಿನಲ್ಲಿ ಕ್ಯೂರಿಂಗ್, ಎಲ್ಲರೂ ಕದಿಯುವ ಹಂತ. ಕಾಂಕ್ರೀಟ್ ಕೆಲಸದ ಭಾರತೀಯ ಮಾನಕ ಐಎಸ್ 456 ಪ್ರಕಾರ ಒಪಿಸಿಗೆ ಕನಿಷ್ಠ 7 ದಿನ, ಮಿಶ್ರ ಸಿಮೆಂಟಿಗೆ ಹಾಗೂ ಒಣ ಬಿಸಿ ಹವೆಗೆ ಕನಿಷ್ಠ 10 ದಿನ ತೇವ ಆರಬಾರದು. ಏಪ್ರಿಲ್‌ನಲ್ಲಿ ಕಲಬುರಗಿ, ರಾಯಚೂರಿನ ಬಿಸಿಲಿಗೆ ಮಧ್ಯಾಹ್ನ ಸುರಿದ ಸ್ಲ್ಯಾಬ್ ಗಟ್ಟಿಯಾಗುವ ಮೊದಲೇ ಕೂದಲೆಳೆಯ ಬಿರುಕು ಬಿಡುತ್ತದೆ. ಬೆಳಗಿನ ತಂಪಿನಲ್ಲಿ ಸುರಿದು, ಕೂಡಲೇ ಪ್ಲಾಸ್ಟಿಕ್ ಹೊದಿಸಬೇಕು.

ಬಣ್ಣ, ವಿನ್ಯಾಸ, ಸೇರಿಸಬಹುದಾದ್ದು

ಬಣ್ಣಕ್ಕೆ ಐರನ್ ಆಕ್ಸೈಡ್ ಪುಡಿಗಳೇ ಸುರಕ್ಷಿತ: ಕೆಂಪು, ಹಳದಿ, ಕಪ್ಪು, ಕಂದು. ಬಿಸಿಲಿಗೂ ಕ್ಷಾರಕ್ಕೂ ಮಾಸುವುದಿಲ್ಲ. ಸಿಮೆಂಟಿನ ತೂಕದ 3ರಿಂದ 5 ಶೇಕಡಾ ಸಾಕು. ನಮ್ಮ ಲೆಕ್ಕದ 36 ಕೆ.ಜಿ.ಗೆ 4 ಶೇಕಡಾ ಎಂದರೆ 1,440 ಗ್ರಾಂ. 10 ಶೇಕಡಾ ದಾಟಿಸಿದರೆ ಬಣ್ಣ ಏರುವುದಿಲ್ಲ, ಬಲ ಇಳಿಯುತ್ತದೆ. ಬೂದು ಸಿಮೆಂಟಿಗೆ ಹಾಕಿದ ಕೆಂಪು ಮಾಸಲು ಇಟ್ಟಿಗೆಯ ಬಣ್ಣಕ್ಕೆ ಬರುತ್ತದೆ. ಹಳೇ ನೆಲದಂಥ ಗಾಢ ಕೆಂಪು ಬೇಕಿದ್ದರೆ ಪಾಲಿಶ್ ಮತ್ತು ಮೇಣದ ಮೇಲೂ ಅದು ನಿಂತಿದೆ. ಕೆನೆ, ತಿಳಿ ಹಸಿರಿನಂಥ ಎಳೆ ಬಣ್ಣಕ್ಕೆ ಬಿಳಿ ಸಿಮೆಂಟ್, ಬಿಳಿ ಸಿಲಿಕಾ ಮರಳು ಬೇಕೇ ಬೇಕು.

ಉಜ್ಜುವ ಆಳದಿಂದಲೇ ಮೂರು ಬೇರೆ ನೋಟ ಸಿಗುತ್ತದೆ. ಮೇಲ್ಪದರ ಮುಟ್ಟಿಸಿ ಬಿಟ್ಟರೆ ಏಕರೂಪದ ಸಿಮೆಂಟಿನ ನುಣುಪು, ಸ್ವಲ್ಪ ಇಳಿದರೆ ಮರಳಿನ ಚುಕ್ಕಿ, ಎರಡು ಮೂರು ಮಿ.ಮೀ. ಇಳಿದರೆ ಜಲ್ಲಿ ಮುಖ ತೋರಿಸುತ್ತದೆ. ಈ ಮೂರನೆಯದನ್ನು ಆರಿಸುವುದಾದರೆ ಜಲ್ಲಿಯನ್ನೂ ನೀವೇ ಆರಿಸಿ. ಇಳಕಲ್ಲಿನ ಕೆಂಪು ಗ್ರಾನೈಟಿನ ಚೂರು, ಕಪ್ಪು ಕಲ್ಲಿನ ಚೂರು ಬೆರೆಸಿದ ಬೂದು ಕಟ್ಟೆಗೆ ಸಾಟಿಯಿಲ್ಲ, ಮೇಲಾಗಿ ಹುಳಿಯ ಗುರುತು ಚುಕ್ಕಿಗಳ ನಡುವೆ ಅಷ್ಟಾಗಿ ಕಾಣುವುದಿಲ್ಲ. ಅಮೃತಶಿಲೆಯ ಚೂರು ಬೇಡ, ಅದೂ ಹುಳಿಗೆ ಕರಗುವಂಥದ್ದೇ. ಜಿಎಫ್‌ಆರ್‌ಸಿ ಕಟ್ಟೆಯನ್ನು ಹೀಗೆ ಆಳವಾಗಿ ಉಜ್ಜಲಾಗದು, 3 ಮಿ.ಮೀ. ಮುಖ ದಾಟಿದರೆ ಒಳಗಿನ ನಾರು ಕೂದಲಿನಂತೆ ಮೇಲೇಳುತ್ತದೆ.

ಕಲ್ಲಿನಲ್ಲಿ ಸುಲಭಕ್ಕೆ ಸಾಧ್ಯವಾಗದ ಕೆಲವನ್ನು ಎರಕದಲ್ಲಿ ಪುಕ್ಕಟೆಯೆಂಬಂತೆ ಪಡೆಯಬಹುದು. ಪಾತ್ರೆ ಬೋರಲು ಹಾಕುವ ಜಾಗಕ್ಕೆ ಸಿಂಕಿನ ಕಡೆ ಇಳಿಜಾರು: ಮೀಟರಿಗೆ 15ರಿಂದ 20 ಮಿ.ಮೀ. ಸಾಕು, ಹೆಚ್ಚಾದರೆ ಲೋಟ ಉರುಳುತ್ತದೆ. ಮುಂಭಾಗದ ಅಂಚಿನ ಅಡಿಯಲ್ಲಿ 6 ಮಿ.ಮೀ. ಅಗಲದ ತೋಡು: ಚೆಲ್ಲಿದ ನೀರು ಹಿಂದಕ್ಕೆ ಹರಿದು ಕ್ಯಾಬಿನೆಟ್ ಬಾಗಿಲಿಗೆ ಇಳಿಯದೆ ಅಲ್ಲೇ ತೊಟ್ಟಿಕ್ಕುತ್ತದೆ. ಹಿಂಬದಿಯಲ್ಲಿ 100 ಮಿ.ಮೀ. ಎತ್ತರದ ಪಟ್ಟಿ. ಒಲೆಯ ಪಕ್ಕ ಎರಡು ಹಿತ್ತಾಳೆ ಪಟ್ಟಿ ಮೇಲ್ಮೈಯಿಂದ 4 ಮಿ.ಮೀ. ಎದ್ದಿರುವಂತೆ ಹುದುಗಿಸಿದರೆ ಬಿಸಿ ಪಾತ್ರೆ ಇಡಲು ಜಾಗವಾಯಿತು.

ಇದೆಲ್ಲಕ್ಕಿಂತ ಉಪಯುಕ್ತವಾದದ್ದು ಬೆರೆಸಿದ ಕಟ್ಟೆ. ಒಲೆ ಮತ್ತು ಸಿಂಕಿನ ನಡುವಿನ ಮೂರು ನಾಲ್ಕು ಅಡಿಯನ್ನು ಜೆಟ್ ಬ್ಲ್ಯಾಕ್ ಗ್ರಾನೈಟಿಗೆ ಬಿಟ್ಟು, ಉಳಿದದ್ದನ್ನು ಕಾಂಕ್ರೀಟಿನಲ್ಲಿ ಮಾಡಿಸಿ. ಹುಳಿ, ಬಿಸಿ, ಅರಿಶಿನದ ಕೆಲಸವೆಲ್ಲ ಕಲ್ಲಿನ ಮೇಲೆ ನಡೆಯುತ್ತದೆ. ಚಪಾತಿ ಲಟ್ಟಿಸಲು ಒಂದೂವರೆ ಅಡಿ ಚೌಕದ ಕಲ್ಲನ್ನು ಕಟ್ಟೆಯ ಸಮಕ್ಕೆ ಹುದುಗಿಸಬಹುದು. ಎರಡರ ನಡುವೆ 3 ಮಿ.ಮೀ. ಸಂದು ಬಿಟ್ಟು ಅದೇ ಬಣ್ಣದ ಸಿಲಿಕೋನ್ ತುಂಬಬೇಕು. ಸಿಮೆಂಟಿನಿಂದ ತುಂಬಿದರೆ ಸಣ್ಣ ಅಲುಗಾಟಕ್ಕೇ ಒಡೆಯುತ್ತದೆ.

ಸೀಲರ್: ದುಡ್ಡು ಖರ್ಚು ಮಾಡಬೇಕಾದ ಜಾಗ

ಗಿರಾಕಿಗಳು ಬಣ್ಣಕ್ಕೆ ಎರಡು ಗಂಟೆ ಕೂರುತ್ತಾರೆ, ಸೀಲರ್ ಬಗ್ಗೆ ಎರಡು ನಿಮಿಷವೂ ಕೇಳುವುದಿಲ್ಲ. ಕಟ್ಟೆಯ ಬಾಳಿಕೆ ನಿಂತಿರುವುದು ಮಾತ್ರ ಇದರ ಮೇಲೆ.

ಲಿಥಿಯಂ ಸಿಲಿಕೇಟ್ ಡೆನ್ಸಿಫೈಯರ್ ಒಳಗಿನ ಸುಣ್ಣದೊಂದಿಗೆ ಸೇರಿ ಮೇಲ್ಮೈಯನ್ನು ಗಟ್ಟಿಮಾಡುತ್ತದೆ, ಪುಡಿ ಏಳುವುದನ್ನು ತಡೆಯುತ್ತದೆ. ಅದನ್ನೇ 'ಸೀಲ್ ಮಾಡಿದ್ದೇವೆ' ಎಂದು ಹೇಳಿದರೆ ಒಪ್ಪಬೇಡಿ, ಕಲೆ ತಡೆಯುವ ಕೆಲಸ ಅದರದ್ದಲ್ಲ. ಸೈಲೇನ್-ಸಿಲಾಕ್ಸೇನ್ ಬಗೆಯ ಒಳಗಿಳಿಯುವ ಸೀಲರ್ ನೀರನ್ನು ದೂರವಿಡುತ್ತದೆ, ನೈಜ ನೋಟ ಉಳಿಸುತ್ತದೆ. ಹುಳಿಯ ಸವೆತವನ್ನು ತಡೆಯುವುದಿಲ್ಲ. ವಾಶ್‌ಬೇಸಿನ್‌ಗೆ, ಬೆಂಚಿಗೆ ಇಷ್ಟು ಸಾಕು. ಅಕ್ರಿಲಿಕ್ ಅಗ್ಗ, ಆದರೆ ಬೇಗ ಗೀರು ಬೀಳುತ್ತದೆ, ಬಿಸಿಗೆ ಮೆತ್ತಗಾಗುತ್ತದೆ. ಎಪಾಕ್ಸಿ ಕಲೆಗೆ ಒಳ್ಳೆಯ ತಡೆ, ಕಿಟಕಿಯ ಬಿಸಿಲು ಬಿದ್ದರೆ ಹಳದಿಯಾಗುತ್ತದೆ.

ಅಡುಗೆ ಕಟ್ಟೆಗೆ ಎರಡು ಭಾಗ ಬೆರೆಸುವ ಪಾಲಿಯುರೆಥೇನ್, ಟೂ-ಪ್ಯಾಕ್ ಪಿಯು, ಮ್ಯಾಟ್ ಫಿನಿಶ್, ಎರಡರಿಂದ ಮೂರು ತೆಳು ಕೋಟು. ಹುಳಿ, ಎಣ್ಣೆ, ಅರಿಶಿನ ಮೂರಕ್ಕೂ ತಡೆ ಕೊಡುವಂಥದ್ದು ಇದೇ. ಅದರ ದೌರ್ಬಲ್ಯ ಬಿಸಿ. ಒಲೆಯಿಂದ ಇಳಿಸಿದ ಕುಕ್ಕರನ್ನು ನೇರವಾಗಿ ಇಟ್ಟರೆ ಬಿಳಿ ವೃತ್ತ ಉಳಿಯಬಹುದು. ಸಿಂಬೆಯೋ ಮರದ ಮಣೆಯೋ ಇರಲೇಬೇಕು.

ಪಿಯು ಕೆಡುವುದು ಎರಡು ತಪ್ಪಿನಿಂದ. ಒಂದು, ಕಾಂಕ್ರೀಟ್ ಒಳಗೆ ಆರುವ ಮೊದಲೇ ಬಳಿಯುವುದು. ಒಳಗಿನ ತೇವ ಹೊರಬರಲು ದಾರಿಯಿಲ್ಲದೆ ಪದರ ಬೆಳ್ಳಗಾಗಿ ಸಿಪ್ಪೆ ಏಳುತ್ತದೆ. 28 ದಿನ ಕಾಯುವುದು ಸುರಕ್ಷಿತ. ಪರೀಕ್ಷೆ ಸುಲಭ: ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಸುತ್ತ ಟೇಪ್ ಹಾಕಿ ಕಟ್ಟೆಗೆ ಅಂಟಿಸಿ, ಮಾರನೇ ದಿನ ತೆಗೆಯಿರಿ. ಕೆಳಗೆ ಹನಿ ಇದ್ದರೆ ಅಥವಾ ಕಾಂಕ್ರೀಟ್ ಕಪ್ಪಾಗಿದ್ದರೆ ಇನ್ನೂ ಆರಿಲ್ಲ. ಮಂಗಳೂರು, ಉಡುಪಿ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಕೆಲಸ ಮುಂದೂಡಿದರೆ ಕ್ಷೇಮ. ಎರಡು, ಅತಿಯಾಗಿ ಪಾಲಿಶ್ ಮಾಡುವುದು. ಉಜ್ಜುವ ಡೈಮಂಡ್ ಪ್ಯಾಡುಗಳು 50, 100, 200, 400, 800, 1500 ಹೀಗೆ ಏರುತ್ತವೆ, ಸಂಖ್ಯೆ ಏರಿದಷ್ಟೂ ನುಣುಪು. ಪದರವಾಗಿ ನಿಲ್ಲುವ ಸೀಲರ್ ಬಳಿಯುವುದಿದ್ದರೆ 200 ಅಥವಾ 400ಕ್ಕೆ ನಿಲ್ಲಿಸಬೇಕು. ಕನ್ನಡಿಯಂತೆ ಹೊಳೆಯುವ ಮೇಲ್ಮೈಗೆ ಪಿಯು ಹಿಡಿದುಕೊಳ್ಳುವುದಿಲ್ಲ.

ಆರ್ಡರ್ ಕೊಡುವ ಮೊದಲು ಒಂದು ಅಡಿ ಚೌಕದ ಸ್ಯಾಂಪಲ್ ಪಡೆಯಿರಿ. ಅದೇ ಮಿಶ್ರಣ, ಅದೇ ಪಾಲಿಶ್, ಅದೇ ಸೀಲರ್ ಇರಬೇಕು. ಅದರ ಮೇಲೆ ನಿಂಬೆರಸ, ಗಟ್ಟಿ ಹುಣಸೆರಸ, ಅರಿಶಿನ ಕಲಸಿದ ಬಿಸಿ ಎಣ್ಣೆ, ಡಿಕಾಕ್ಷನ್, ಬೀಟ್ರೂಟ್ ರಸ ಒಂದೊಂದು ಚಮಚದಂತೆ ಮೂರು ಸಾಲಿನಲ್ಲಿ ಹಾಕಿ. ಮೊದಲ ಸಾಲನ್ನು 15 ನಿಮಿಷಕ್ಕೆ, ಎರಡನೆಯದನ್ನು ಒಂದು ಗಂಟೆಗೆ, ಮೂರನೆಯದನ್ನು ಬೆಳಿಗ್ಗೆ ಒರೆಸಿ. 15 ನಿಮಿಷದ ಸಾಲಿನಲ್ಲಿ ಗುರುತು ಉಳಿದರೆ ಆ ಸೀಲರ್ ಅಡುಗೆಮನೆಗೆ ಆಗದು. ಗಂಟೆಯ ಸಾಲು ಸ್ವಚ್ಛವಾಗಿದ್ದರೆ ಒಳ್ಳೆಯದು. ರಾತ್ರಿಯಿಡೀ ಬಿಟ್ಟ ಸಾಲಿನಲ್ಲಿ ಅರಿಶಿನದ ಮಸುಕು ಗುರುತೊಂದೇ ಉಳಿದಿದ್ದರೆ ಧೈರ್ಯವಾಗಿ ಮುಂದುವರಿಯಬಹುದು. ಆಮೇಲೆ ಅದೇ ಸ್ಯಾಂಪಲ್ ಮೇಲೆ ಬಿಸಿ ಬಾಣಲೆಯನ್ನೂ ಒಮ್ಮೆ ಇಟ್ಟು ನೋಡಿ. ಸೀಲರಿನ ಡೇಟಾ ಶೀಟ್ ಕೇಳಿ ಪಡೆಯಿರಿ. ಆಹಾರ ತಾಗುವ ಮೇಲ್ಮೈಗೆ ಸುರಕ್ಷಿತ ಎಂದು ಅದರಲ್ಲಿ ಬರೆದಿರಬೇಕು, ಬಾಯಿಮಾತು ಸಾಲದು.

ಬೆಲೆ ಮತ್ತು ಕೊಟೇಶನ್

ಇಡೀ ಕಟ್ಟೆಗೆ ಒಂದು ಮೂಟೆ ಸಿಮೆಂಟೂ ಪೂರ್ತಿ ಖರ್ಚಾಗುವುದಿಲ್ಲ. ದುಡ್ಡು ಹೋಗುವುದು ಅಚ್ಚಿಗೆ, ಉಜ್ಜುವ ಕೂಲಿಗೆ, ಪಿಯುಗೆ, ಸಾಗಣೆಗೆ. ಆದ್ದರಿಂದಲೇ ಸಣ್ಣ ಕಟ್ಟೆಗೆ ಚದರ ಅಡಿಯ ದರ ಹೆಚ್ಚು ಬೀಳುತ್ತದೆ. ಒಂದೇ ಅಚ್ಚಿನಲ್ಲಿ ಎರಡು ವಾಶ್‌ಬೇಸಿನ್ ಕಟ್ಟೆ ಮಾಡಿಸಿದರೆ ಎರಡನೆಯದರ ದರ ಇಳಿಸಿ ಕೇಳುವ ಹಕ್ಕು ನಿಮಗಿದೆ. ದರ ಚದರ ಅಡಿಗೋ ರನ್ನಿಂಗ್ ಫೂಟಿಗೋ, ಸಿಂಕಿನ ಕಿಂಡಿ, ಅಂಚು, ಹಿಂಬದಿ ಪಟ್ಟಿ, ಸೀಲರ್ ಕೋಟುಗಳ ಸಂಖ್ಯೆ, ಮಹಡಿಗೆ ಹೊರುವ ಕೂಲಿ ಎಲ್ಲ ಸೇರಿದೆಯೋ ಎಂದು ಕಾಗದದ ಮೇಲೆ ಬರೆಸಿಕೊಳ್ಳಿ. ಸಿಂಕ್, ಒಲೆ, ನಲ್ಲಿಯನ್ನು ಕೊಂಡು ಕಾರ್ಯಾಗಾರಕ್ಕೆ ಕಳಿಸಿದ ಮೇಲೆಯೇ ಅಚ್ಚು ಶುರುವಾಗಲಿ. ಕ್ಯಾಟಲಾಗ್ ಅಳತೆ ನೋಡಿ ಸುರಿದು, ಆಮೇಲೆ 5 ಮಿ.ಮೀ. ಕೊರೆಯಬೇಕಾಗಿ ಬಂದರೆ ಮೂಲೆಯ ಗುಂಡು ಹೋಗಿ ಬಿರುಕಿಗೆ ದಾರಿಯಾಗುತ್ತದೆ. ಗ್ರಾನೈಟ್ ಅಂಗಡಿಯಿಂದ ವಾರದೊಳಗೆ ಕಟ್ಟೆ ಬರುತ್ತದೆ. ಇದಕ್ಕೆ ಅಳತೆಯಿಂದ ಫಿಟಿಂಗ್‌ವರೆಗೆ ಐದಾರು ವಾರ ಇಟ್ಟುಕೊಳ್ಳಿ. ಎರಡು ವಾರದಲ್ಲಿ ಕೊಡುತ್ತೇವೆ ಎನ್ನುವವರು ಕ್ಯೂರಿಂಗ್ ಅಥವಾ ಆರುವ ಸಮಯ, ಎರಡರಲ್ಲಿ ಒಂದನ್ನು ನುಂಗುತ್ತಿದ್ದಾರೆ.

ದಿನಬಳಕೆ

ಮೆತ್ತನೆ ಬಟ್ಟೆ, ಕೆಲವು ಹನಿ ಪಾತ್ರೆ ತೊಳೆಯುವ ಲಿಕ್ವಿಡ್, ನೀರು. ಸ್ಟೀಲ್ ಜುಂಗು, ಸಬೀನಾ ಪುಡಿ, ವಿನೆಗರ್ ಬೇಡ. ಟಾಯ್ಲೆಟ್ ಕ್ಲೀನರನ್ನು ಹತ್ತಿರವೂ ಸುಳಿಯಗೊಡಬೇಡಿ, ಅದರಲ್ಲಿರುವ ಹೈಡ್ರೋಕ್ಲೋರಿಕ್ ಆಮ್ಲ ಸೀಲರ್ ಸವೆದ ಜಾಗದಲ್ಲಿ ಕ್ಷಣದಲ್ಲಿ ನೊರೆ ಎಬ್ಬಿಸುತ್ತದೆ. ಮನೆಕೆಲಸಕ್ಕೆ ಬರುವವರಿಗೂ ಇದನ್ನು ಮೊದಲ ದಿನವೇ ಹೇಳಿ. ಕಟ್ಟೆಯ ಮೇಲೆ ನೇರವಾಗಿ ತರಕಾರಿ ಹೆಚ್ಚುವುದು, ಅಂಚಿಗೆ ಕುಕ್ಕಿ ತೆಂಗಿನಕಾಯಿ ಒಡೆಯುವುದು, ಕುಟ್ಟಾಣಿ ಇಟ್ಟು ಬಡಿಯುವುದು ಇವೆಲ್ಲ ಬೇರೆ ಕಡೆ. ಮಿಕ್ಸಿ, ವೆಟ್ ಗ್ರೈಂಡರ್‌ನಿಂದ ತೊಂದರೆಯಿಲ್ಲ.

ಮೂರು ನಾಲ್ಕು ತಿಂಗಳಿಗೊಮ್ಮೆ ಸಿಂಕಿನ ಸುತ್ತ ಹತ್ತು ಹನಿ ನೀರು ಬಿಟ್ಟು ನೋಡಿ. ಹತ್ತು ನಿಮಿಷದ ಮೇಲೂ ಹನಿ ಗುಂಡಗೆ ನಿಂತಿದ್ದರೆ ಸೀಲರ್ ಸರಿಯಿದೆ. ಕೆಳಗೆ ಕಪ್ಪು ಚುಕ್ಕೆ ಮೂಡಿದ್ದರೆ ಆ ಭಾಗಕ್ಕೆ ಮರುಲೇಪ ಬೇಕು. ಒಳಗಿಳಿಯುವ ಸೀಲರ್ ಇದ್ದ ಕಡೆ ಎಣ್ಣೆ ಕಲೆ ಬಿದ್ದರೆ ಅಡುಗೆ ಸೋಡಾವನ್ನು ನೀರಿನಲ್ಲಿ ಗಟ್ಟಿ ಹಿಟ್ಟಿನಂತೆ ಕಲಸಿ ಹಚ್ಚಿ, ಪ್ಲಾಸ್ಟಿಕ್ ಮುಚ್ಚಿ ಒಂದು ದಿನ ಬಿಡಿ. ಒಂದೆರಡು ಬಾರಿ ಮಾಡಿದರೆ ಬಹುಪಾಲು ಮೇಲೆ ಬರುತ್ತದೆ. ಹುಳಿಯ ಗುರುತಿಗೆ 400ರ ಪ್ಯಾಡಿನಿಂದ ಕೈಯಲ್ಲೇ ನಯವಾಗಿ ಉಜ್ಜಿ ಮತ್ತೆ ಸೀಲರ್ ಹಚ್ಚಬೇಕು. ಪಿಯು ಪದರವಿದ್ದರೆ ಇಷ್ಟೇ ಜಾಗ ಎಂದು ತೇಪೆ ಹಾಕಲು ಹೋಗಬೇಡಿ, ಉಂಗುರದಂತೆ ಕಾಣುತ್ತದೆ. ಒಂದು ಸಂದಿನಿಂದ ಇನ್ನೊಂದು ಸಂದಿನವರೆಗೆ ಪೂರ್ತಿ ಉಜ್ಜಿಯೇ ಬಳಿಯಬೇಕು.

ಕಟ್ಟೆ ಕೂರಿಸಿ ಹೊರಡುವ ಮುನ್ನ ಮಾಡಿದವರಿಂದ ಎರಡು ಕೆ.ಜಿ. ಒಣ ಮಿಶ್ರಣವನ್ನು ಗಾಳಿಯಾಡದ ಡಬ್ಬಿಯಲ್ಲಿ ಕೇಳಿ ಇಟ್ಟುಕೊಳ್ಳಿ: ಅದೇ ಸಿಮೆಂಟು, ಅದೇ ಮರಳು, ಅದೇ ಬಣ್ಣ, ಜಲ್ಲಿ ಬೇಡ. ಸಿಮೆಂಟ್ ಹಳತಾದರೆ ಗಂಟುಕಟ್ಟುತ್ತದೆ, ಹಾಗಾಗಿ ಬಣ್ಣದ ಪುಡಿಯನ್ನು 100 ಗ್ರಾಂ ಬೇರೆಯಾಗಿಯೂ ತೆಗೆದಿರಿಸಿ, ಡಬ್ಬಿಯ ಮೇಲೆ ಬಣ್ಣದ ಶೇಕಡಾವಾರು, ಸೀಲರಿನ ಹೆಸರು, ಬಳಿದ ತಾರೀಖು ಬರೆಯಿರಿ. ಅಂಚು ಎಗರಿದಾಗ ಈ ಪುಡಿಗೆ ಅಕ್ರಿಲಿಕ್ ಪಾಲಿಮರ್ ಬೆರೆಸಿ ತುಂಬಿದರೆ ಬಣ್ಣ ಹೊಂದುತ್ತದೆ.